ಇ-ಮ್ಯಾನಿಫೆಸ್ಟ್: 2018ರಿಂದ ಬಳಸುತ್ತಿರುವವನ ಅನುಭವ

ಅಮೆರಿಕದ ಒಂದು ಪೇಂಟ್ ಕಾರ್ಖಾನೆಯಲ್ಲಿ ಸೇಫ್ಟಿ ವಿಭಾಗ ನೋಡಿಕೊಳ್ಳುತ್ತೇನೆ. ಬಳಸಿ ಬಿಟ್ಟ ಥಿನ್ನರ್, ಸಾಲ್ವೆಂಟ್ ತುಂಬಿದ ಡ್ರಮ್ಮುಗಳು ಗೇಟು ದಾಟಿದ ಮೇಲೆ ಸರಿಯಾದ ಜಾಗ ಸೇರಿದವಾ ಎಂದು ಲೆಕ್ಕ ಇಡುವುದು ನನ್ನ ಕೆಲಸ. ಇಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ 2018ರ ಜೂನ್ 30ಕ್ಕೆ ಇ-ಮ್ಯಾನಿಫೆಸ್ಟ್ ಶುರು ಮಾಡಿತು. ಅಪಾಯಕಾರಿ ತ್ಯಾಜ್ಯ ಎಲ್ಲಿಂದ ಹೊರಟು ಎಲ್ಲಿಗೆ ಸೇರಿತು ಎಂಬ ದಾಖಲೆಯನ್ನು ಆನ್‌ಲೈನ್‌ನಲ್ಲಿ ಇಡುವ ವ್ಯವಸ್ಥೆ ಅದು. ಆಗಿನಿಂದ ನಾವು ಅದರಲ್ಲಿದ್ದೇವೆ.

ಮೊದಲಿದ್ದದ್ದು ಆರು ಪ್ರತಿಯ ಫಾರಂ. ಬಾಲ್ ಪೆನ್ ಒತ್ತಿ ಬರೆಯಬೇಕಿತ್ತು. ಸರಕು ಹೊರಟಾಗ ನಮ್ಮ ಕೈಗೆ ಉಳಿಯುತ್ತಿದ್ದದ್ದು ಎಲ್ಲಕ್ಕಿಂತ ಅಡಿಯ ಹಾಳೆ. ಅದರಲ್ಲಿ ಡ್ರೈವರ್ ಸಹಿ ಮಸುಕು, ತಾರೀಕು 3 ಇದೆಯೋ 8 ಇದೆಯೋ ತಿಳಿಯುತ್ತಿರಲಿಲ್ಲ. ಸರಕು ಇಳಿಸಿಕೊಂಡವರು ಸಹಿ ಹಾಕಿದ ಪ್ರತಿ ಅಂಚೆಯಲ್ಲಿ ಬರಬೇಕು. ಜಾಸ್ತಿ ತ್ಯಾಜ್ಯ ಹುಟ್ಟುವ ನಮ್ಮಂಥ ಕಡೆಯವರು ಆಗ 35 ದಿನಕ್ಕೂ ಬರದಿದ್ದರೆ ವಿಚಾರಿಸಬೇಕಿತ್ತು, 45 ದಿನ ಆದರೆ ಸರ್ಕಾರಕ್ಕೆ ವರದಿ ಕೊಡಬೇಕಿತ್ತು. ಒಮ್ಮೆ ನಾಲ್ಕು ಡ್ರಮ್ಮಿನ ಪ್ರತಿ ಬರಲೇ ಇಲ್ಲ. ದಿನಾ ಫೋನ್ ಮಾಡಿದೆ. 41ನೇ ದಿನ ಯಾರದೋ ಬೇರೆ ಫೈಲಿನಲ್ಲಿ ಸಿಕ್ಕಿತು. ಬೆಂಕಿ ಹತ್ತುವ ಸರಕು ಎಲ್ಲಿದೆ ಎಂದು ಗೊತ್ತಿಲ್ಲದಿದ್ದರೆ ನಿದ್ದೆ ಹೇಗೆ ಬರುತ್ತದೆ ಹೇಳಿ?

ಈಗ 9 ಅಂಕಿ, 3 ಅಕ್ಷರದ ಟ್ರ್ಯಾಕಿಂಗ್ ನಂಬರ್ ಹಾಕಿದರೆ ಆಯಿತು. ನಾವು ಬರೆದ ತೂಕಕ್ಕೂ ಅಲ್ಲಿ ಇಳಿದ ತೂಕಕ್ಕೂ ದೊಡ್ಡ ವ್ಯತ್ಯಾಸ ಬಂದರೆ ಅದೂ ಕಾಣುತ್ತದೆ. ಮೂರು ವರ್ಷ ಹಾಳೆ ಜೋಪಾನ ಮಾಡುವ ಚಿಂತೆ ಹೋಯಿತು. 90 ದಿನ ಕಳೆದ ಮೇಲೆ ಈ ಮಾಹಿತಿಯನ್ನು ಊರಿನ ಯಾರು ಬೇಕಾದರೂ ನೋಡಬಹುದು. ನನಗೆ ತುಂಬಾ ಇಷ್ಟವಾದದ್ದು ಇದೇ. ನಮ್ಮ ಡ್ರಮ್ಮು ಅವರ ಬೀದಿಯಲ್ಲೇ ತಾನೇ ಹೋಗುವುದು?

ಕೊರತೆಯೂ ಇದೆ. ಸರಕು ಪಡೆದವರಿಗೆ ದಾಖಲೆ ಹಾಕಲು 30 ದಿನ ಕಾಲಾವಕಾಶವಿದೆ, ಹಾಗಾಗಿ ಮಾರನೇ ದಿನವೇ ಕಾಣುತ್ತದೆ ಎಂದುಕೊಳ್ಳಬೇಡಿ. ಬಹುಪಾಲು ಲಾರಿಗಳು ಇನ್ನೂ ಕಾಗದದಲ್ಲೇ ಸಹಿ ಮಾಡಿಸಿಕೊಳ್ಳುತ್ತವೆ, ಆಮೇಲೆ ಅದನ್ನು ಸ್ಕ್ಯಾನ್ ಮಾಡುತ್ತಾರೆ. ಪೂರ್ತಿ ಎಲೆಕ್ಟ್ರಾನಿಕ್ ಆದರೆ ಶುಲ್ಕ ಕಡಿಮೆ. ಆದರೆ ಆ ಶುಲ್ಕ ಕಟ್ಟುವವರು ಸರಕು ಪಡೆಯುವವರು, ಡ್ರೈವರ್‌ಗೆ ಅದರಿಂದ ಲಾಭವಿಲ್ಲ ಅಲ್ವಾ.

2025ರ ಜನವರಿ 22ರಿಂದ ನಮ್ಮಂಥವರು ನೋಂದಣಿ ಮಾಡಲೇಬೇಕು. ಅಂಚೆಯಲ್ಲಿ ಪ್ರತಿ ಕಳಿಸುವ ಕಟ್ಟಳೆಯೂ ಆಗಲೇ ಮುಗಿಯಿತು. ಸೈಟ್ ಮ್ಯಾನೇಜರ್, ಅಂದರೆ ಕಾರ್ಖಾನೆಯ ಪರವಾಗಿ ಇದರ ಖಾತೆ ನೋಡಿಕೊಳ್ಳುವವರು, ಆಗಿ ಇಬ್ಬರ ಹೆಸರು ಹಾಕಿ. ನಮ್ಮಲ್ಲಿ ಒಬ್ಬರೇ ಇದ್ದರು, ಅವರು ಕೆಲಸ ಬಿಟ್ಟಾಗ ವಾರಗಟ್ಟಲೆ ಪರದಾಡಿದೆವು.

ಪೂರ್ತಿ ಎಲೆಕ್ಟ್ರಾನಿಕ್ ಮಾಡಿದರೂ ಲಾರಿಯಲ್ಲಿ ಒಂದು ಪ್ರಿಂಟ್ ಇರಲೇಬೇಕು. ಲಾರಿ ಹೊರಡುವ ಮುಂಚೆ ಅದು ಡ್ರೈವರ್ ಕೈಗೆಟುಕುವ ಹಾಗಿದೆಯಾ ಎಂದು ನಾನೇ ಹೋಗಿ ನೋಡುತ್ತೇನೆ. ರಸ್ತೆಯಲ್ಲಿ ಏನಾದರೂ ಆದರೆ ಅಗ್ನಿಶಾಮಕದವರು ಹುಡುಕುವುದು ಆ ಹಾಳೆಯನ್ನೇ.