ಆರು ವಾರದ ಇಂಗ್ಲಿಷ್ ಕ್ಲಾಸು ಮತ್ತು ಒಂದು ಪುಡ್ಡಿಂಗು

ಹುಬ್ಬಳ್ಳಿಯ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ನಾನು ಡಿಟಿಪಿ ಮಾಡುತ್ತೇನೆ. ಲಗ್ನಪತ್ರಿಕೆ, ಬಿಲ್ ಬುಕ್, ಈಚೆಗೆ ಪುಣೆ ಕಡೆಯ ಪಾರ್ಟಿಗಳ ಬ್ರೋಷರ್ ಕೂಡ. ಅವರಿಗೆ ಇಂಗ್ಲಿಷಿನಲ್ಲೇ ಮೇಲ್ ಬರೆಯಬೇಕು. ಅದಕ್ಕಂತಲೇ ಧಾರವಾಡದ ಒಂದು ಕ್ಲಾಸಿಗೆ ಸೇರಿದ್ದೆ. ಆರು ವಾರ, ಸಂಜೆ ಒಂದು ತಾಸು, ಫೀ 3,500 ರೂಪಾಯಿ. ದಿನಾ ಚಿಗರಿ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ.

ಮಾತಾಡಿಸುವುದರಲ್ಲಿ ಕ್ಲಾಸಿಗೆ ಹೆಸರಿಡುವ ಹಾಗಿಲ್ಲ. ಯಾರಾದರೂ ತಪ್ಪಾಡಿದಾಗ ನಕ್ಕವರನ್ನೇ ಎಬ್ಬಿಸಿ ಮಾತಾಡಿಸುತ್ತಾರೆ. ಮೂರನೇ ವಾರಕ್ಕೆ ಫೋನಿನಲ್ಲಿ ನಾನು ತಡವರಿಸುವುದು ಕಮ್ಮಿಯಾಯಿತು.

ಎಡವಟ್ಟು ಇರುವುದು ಅವರು ಕೊಡುವ ಝೆರಾಕ್ಸ್ ಪುಸ್ತಕದಲ್ಲಿ. 200 ನುಡಿಗಟ್ಟು, ಪಕ್ಕದಲ್ಲಿ ಕನ್ನಡ ಅರ್ಥ, ಮುಗೀತು. ಯಾವುದು ಈಗಲೂ ನಡೆಯುತ್ತದೆ, ಯಾವುದು ಅಜ್ಜನ ಕಾಲದ್ದು ಅಂತ ಎಲ್ಲೂ ಇಲ್ಲ.

47ನೆಯದು ‘ದಿ ಪ್ರೂಫ್ ಈಸ್ ಇನ್ ದಿ ಪುಡ್ಡಿಂಗ್’. ಅರ್ಥ, ‘ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?’ ದಿನವಿಡೀ ಪ್ರೂಫ್ ತೆಗೆಯುವವನು ನಾನು, ಆ ಶಬ್ದ ಕಂಡು ಖುಷಿಯಾಯಿತು. ಪಂಪ್‌ಸೆಟ್ ಬ್ರೋಷರಿನ ಪಿಡಿಎಫ್ ಕಳಿಸುವಾಗ ಇ-ಮೇಲ್‌ನ ಕೊನೆಗೆ ಸುಮ್ನೆ ಸೇರಿಸಿಬಿಟ್ಟೆ. ಹತ್ತು ನಿಮಿಷದಲ್ಲಿ ಉತ್ತರ ಬಂತು: ಯಾವ ಪುಡ್ಡಿಂಗ್? ನಾವು ಕೊಟ್ಟಿದ್ದು ಮೋಟರಿನ ಫೋಟೋ, ಬೇರೆಯವರ ಫೈಲ್ ಕಳಿಸಿಲ್ಲ ತಾನೇ?

ಮರುದಿನ ಸರ್‌ಗೆ ಕೇಳಿದೆ. ‘ಪುಡ್ಡಿಂಗ್ ಅಂದ್ರ ನಮ್ಮ ಶಾವಿಗಿ ಪಾಯಸ ಇದ್ದಂಗ್ರೀ. ಭಾಳ ತಲಿ ಕೆಡಿಸ್ಕೋಬ್ಯಾಡ್ರಿ’ ಅಂದರು. ಕೆಟ್ಟಾಗಿತ್ತಲ್ಲ! ರಾತ್ರಿ ಡಿಕ್ಷನರಿ ಹಿಡಿದು ಕೂತೆ.

ಪೂರ್ತಿ ಮಾತು ‘ದಿ ಪ್ರೂಫ್ ಆಫ್ ದಿ ಪುಡ್ಡಿಂಗ್ ಈಸ್ ಇನ್ ದಿ ಈಟಿಂಗ್’. 17ನೇ ಶತಮಾನದಲ್ಲೇ ಬಳಕೆಯಲ್ಲಿತ್ತು. ಆಗ ಪುಡ್ಡಿಂಗ್ ಅಂದರೆ ಪಾಯಸ ಅಲ್ಲವೇ ಅಲ್ಲ. ಕೊಚ್ಚಿದ ಮಾಂಸಕ್ಕೆ ಮಸಾಲೆ ಸೇರಿಸಿ, ಪ್ರಾಣಿಯ ಕರುಳಿನಲ್ಲೋ ಹೊಟ್ಟೆಯಲ್ಲೋ ತುಂಬಿ ಕುದಿಸುತ್ತಿದ್ದರು. ಒಳಗಿನದು ಹೇಗಿದೆ ಅಂತ ತಿಂದೇ ನೋಡಬೇಕು. ಪ್ರೂಫ್ ಅಂದರೆ ಅಲ್ಲಿ ಸಾಕ್ಷಿ ಅಲ್ಲ, ಪರೀಕ್ಷೆ. ನಮ್ಮ ಪ್ರೆಸ್ಸಿನ ಪ್ರೂಫೂ ಅದೇ ಅಲ್ವಾ? ಮಷಿನ್ನಿಗೆ ಹಾಕುವ ಮುಂಚೆ ತಪ್ಪು ಹಿಡಿಯಲು ತೆಗೆಯುವ ಪ್ರತಿ.

ಈಗಿನವರು ಬಾಲ ಕತ್ತರಿಸಿದ್ದಾರೆ. ಇಂಗ್ಲಿಷ್ ಪೇಪರಿನಲ್ಲಿ, ಕ್ರಿಕೆಟ್ ಕಾಮೆಂಟರಿಯಲ್ಲಿ ನನಗೆ ಜಾಸ್ತಿ ಸಿಗುವುದು ಈ ಮೋಟು ರೂಪವೇ. ತಿನ್ನುವ ಮಾತು ಹೋದ ಮೇಲೆ ಪ್ರೂಫ್ ಸಾಕ್ಷಿಯಾಗಿಬಿಟ್ಟಿದೆ: ಫಲ ಕಣ್ಣ ಮುಂದಿದೆ, ನೋಡಿಕೊಳ್ಳಿ. ಹಾಗಾಗಿ ಅಂಗೈ ಹುಣ್ಣು ಮೋಟಿಗೆ ಹೊಂದುತ್ತದೆ, ಮೂಲಕ್ಕೆ ಹೊಂದುವುದಿಲ್ಲ. ಹುಣ್ಣು ಕಾಣುತ್ತದೆ, ಕರುಳಿನೊಳಗೆ ತುಂಬಿದ್ದು ಕಾಣುತ್ತದೆಯೇ? ಮೋಟು ಮಾಡಿದ್ದಕ್ಕೆ ನನ್ನ ತಕರಾರಿಲ್ಲ. ಎಷ್ಟೋ ಜನ ಬಳಸುವುದನ್ನು ತಪ್ಪು ಅನ್ನಲು ನಾನ್ಯಾರು? ಆದರೆ ಇಷ್ಟನ್ನು ಎರಡು ಸಾಲಿನಲ್ಲಿ ಬರೆದಿದ್ದರೆ ನನ್ನ ಮಾನ ಉಳಿಯುತ್ತಿತ್ತು.

ಮಾತಾಡಲು ಕಲಿಯಬೇಕಿದ್ದರೆ ಸೇರಿಕೊಳ್ಳಿ. ಬರೆಯಲು ಅಂತ ಹೋದರೆ ದುಡ್ಡು ದಂಡ. ಪುಣೆಯವರಿಗೆ ಈಗ ‘ಪ್ರೂಫ್ ಕಳಿಸಿದ್ದೇನೆ, ನೋಡಿ ಓಕೆ ಹೇಳಿ’ ಅಂತಷ್ಟೇ ಬರೆಯುತ್ತೇನೆ. ಪುಸ್ತಕ ಬೇಕಾದವರು ಪ್ರೆಸ್ಸಿಗೆ ಬನ್ನಿ, ನನ್ನದೇ ಕೊಡುತ್ತೇನೆ. 12ನೇ ಪುಟ ಎರಡು ಸಲ ಇದೆ, 13 ಇಲ್ಲ.