ಬ್ಯಾಕಪ್‌ನಲ್ಲಿ ಬೇಕಾದ ಟೇಬಲ್ ಪಟ್ಟಿಯೋ, ಬೇಡದ ಪಟ್ಟಿಯೋ? ನನ್ನ ಓಟು ಎರಡನೆಯದಕ್ಕೆ

ವೂಕಾಮರ್ಸ್ (ವರ್ಡ್‌ಪ್ರೆಸ್ ಸೈಟನ್ನು ಆನ್‌ಲೈನ್ ಅಂಗಡಿ ಮಾಡುವ ಪ್ಲಗಿನ್, ಅಂದರೆ ಸೈಟ್‌ಗೆ ಜೋಡಿಸುವ ತಂತ್ರಾಂಶ) ಅಂಗಡಿಯ ಡೇಟಾಬೇಸ್ ಬ್ಯಾಕಪ್ ತೆಗೆಯುವಾಗ ಬೇಕಾದ ಟೇಬಲ್‌ಗಳ (ಮಾಹಿತಿ ಸಾಲು ಸಾಲಾಗಿ ಇರುವ ಕೋಷ್ಟಕಗಳ) ಹೆಸರು ಬರೆದು ಅಷ್ಟನ್ನೇ ತೆಗೆಯಬಹುದು. ಇಲ್ಲವೇ ಎಲ್ಲ ತೆಗೆದು, ಬೇಡದ್ದನ್ನು ಮಾತ್ರ ಬಿಡಬಹುದು. ಎರಡನ್ನೂ ಓಡಿಸಿ ನೋಡಿದ್ದೇನೆ. ಮೊದಲನೆಯದರ ಸಹವಾಸ ಸಾಕಾಯಿತು.

ಪರಿಚಯದವರ ಮಸಾಲೆ ಪುಡಿ ಅಂಗಡಿಯ ಸೈಟ್ ನನ್ನ ಕೈಗೆ ಬಂದಾಗ ಹಿಂದಿನ ಡೆವಲಪರ್ ಬರೆದ ಸ್ಕ್ರಿಪ್ಟ್ ಓಡುತ್ತಿತ್ತು. ಅದರಲ್ಲಿದ್ದದ್ದು ಬೇಕಾದ ಪಟ್ಟಿ: ಪೋಸ್ಟ್ಸ್, ಪೋಸ್ಟ್‌ಮೆಟಾ, ಯೂಸರ್ಸ್, ಆಪ್ಶನ್ಸ್, ಆರ್ಡರ್ ಐಟಮ್ಸ್, ಹೀಗೆ. ಫೈಲ್ ಚಿಕ್ಕದು, ಕೆಲಸ ಬೇಗ ಮುಗಿಯುತ್ತಿತ್ತು. ಒಂದು ದಿನವೂ ಎರರ್ ಬಂದಿರಲಿಲ್ಲ.

ತೊಂದರೆ ಇದ್ದದ್ದೇ ಅಲ್ಲಿ. ವೂಕಾಮರ್ಸ್ ಮೊದಲೆಲ್ಲ ಆರ್ಡರ್‌ಗಳನ್ನು ಪೋಸ್ಟ್ಸ್ ಟೇಬಲ್‌ನಲ್ಲೇ ಇಡುತ್ತಿತ್ತು. 2023ರ 8.2 ಆವೃತ್ತಿಯಿಂದ ಹೊಸ ಅಂಗಡಿಗಳಲ್ಲಿ ಆರ್ಡರ್‌ಗೆಂದೇ ಬೇರೆ ಟೇಬಲ್‌ಗಳು ಬಂದವು. ಹಳೇ ಅಂಗಡಿಯವರು ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಿಕೊಳ್ಳಬಹುದು. ಇಲ್ಲಿ ಯಾರೋ ಆನ್ ಮಾಡಿದ್ದರು. ಸ್ಕ್ರಿಪ್ಟ್‌ಗೆ ಅದು ಹೇಗೆ ಗೊತ್ತಾಗಬೇಕು? ಹಳೇ ಪಟ್ಟಿಯನ್ನೇ ಹಿಡಿದು ಕೂತಿತ್ತು.

ಟೆಸ್ಟ್ ಸೈಟ್‌ಗೆ ರೀಸ್ಟೋರ್ ಮಾಡಿದಾಗ ಬಣ್ಣ ಬಯಲಾಯಿತು. ಸರಕೆಲ್ಲ ಇದೆ, ಗ್ರಾಹಕರ ಲಾಗಿನ್ ಇದೆ. ಹೊಸ ಆರ್ಡರ್‌ಗಳ ಜಾಗದಲ್ಲಿ ಪೋಸ್ಟ್ಸ್ ಟೇಬಲ್‌ನಲ್ಲಿ ನಂಬರ್ ಕಾಯ್ದಿರಿಸುವ ಖಾಲಿ ಸಾಲುಗಳು ಮಾತ್ರ. ತಮಾಷೆ ಏನೆಂದರೆ, ಆರ್ಡರ್ ಐಟಮ್ಸ್ ಟೇಬಲ್ ಈಗಲೂ ಹಳೇ ಜಾಗದಲ್ಲೇ ಇದೆ. ಹಾಗಾಗಿ ಸಾರಿನ ಪುಡಿ ಎರಡು ಪ್ಯಾಕೆಟ್ ಹೋಗಿದೆ ಅನ್ನೋದು ಸಿಕ್ಕಿತು. ಯಾರಿಗೆ, ಯಾವ ವಿಳಾಸಕ್ಕೆ, ದುಡ್ಡು ಬಂತಾ? ಅದೊಂದೂ ಇಲ್ಲ. ಪುಣ್ಯಕ್ಕೆ ಲೈವ್ ಸೈಟ್ ಚೆನ್ನಾಗಿಯೇ ಇತ್ತು.

ಬೇಡದ ಪಟ್ಟಿಯಲ್ಲಿ ಈ ಗೋಳಿಲ್ಲ. ಹೊಸ ಟೇಬಲ್ ಬಂದರೆ ತಾನಾಗೇ ಸೇರುತ್ತದೆ. ಏನಾದರೂ ಹೆಚ್ಚು ಕಡಿಮೆ ಆದರೂ ಫೈಲ್ ದಪ್ಪ ಆಗುತ್ತದೆ ಅಷ್ಟೇ.

ಇದರಲ್ಲೂ ಒಂದು ಕಿರಿಕಿರಿ ಇದೆ. ಮೈಎಸ್‌ಕ್ಯೂಎಲ್ ಡಂಪ್‌ಗೆ (ಈ ಡೇಟಾಬೇಸ್‌ನ ಬ್ಯಾಕಪ್ ತೆಗೆಯುವ ಕಮಾಂಡ್) ಇಗ್ನೋರ್-ಟೇಬಲ್ ಅನ್ನುವ ಆಯ್ಕೆ ಕೊಟ್ಟರೆ ಡೇಟಾ ಜೊತೆ ಟೇಬಲ್‌ನ ರಚನೆಯನ್ನೂ ಬಿಟ್ಟುಬಿಡುತ್ತದೆ. ರೀಸ್ಟೋರ್ ಆದ ಮೇಲೆ ಪ್ಲಗಿನ್ ಆ ಟೇಬಲ್ ಹುಡುಕಿ 1146 ಎರರ್ (ಅಂಥ ಟೇಬಲ್ ಇಲ್ಲ ಅಂತ) ಕೊಡುತ್ತದೆ. ಅದಕ್ಕೇ ನಾನು ಎರಡು ಸಲ ಓಡಿಸುತ್ತೇನೆ. ಮೊದಲು ನೋ-ಡೇಟಾ ಹಾಕಿ ಎಲ್ಲ ಟೇಬಲ್‌ಗಳ ರಚನೆ, ಆಮೇಲೆ ನೋ-ಕ್ರಿಯೇಟ್-ಇನ್ಫೋ ಹಾಕಿ ಬೇಡದ್ದನ್ನು ಬಿಟ್ಟು ಉಳಿದವುಗಳ ಡೇಟಾ. ಬಿಡಬೇಕಾದ ಪ್ರತಿ ಟೇಬಲ್‌ಗೂ ಡೇಟಾಬೇಸ್ ಹೆಸರು ಸೇರಿಸಿ ಬೇರೆ ಬೇರೆಯಾಗಿ ಬರೆಯಬೇಕು, ಹಲವು ಹೆಸರು ಒಟ್ಟಿಗೆ ಹಿಡಿಯೋಕೆ ಸ್ಟಾರ್ (*) ಹಾಕಿದರೆ ನಡೆಯುವುದಿಲ್ಲ. ಪೋಸ್ಟ್‌ಗ್ರೆಸ್ ಅನ್ನುವ ಇನ್ನೊಂದು ಡೇಟಾಬೇಸ್ ಬಳಸುವವರು ಅದೃಷ್ಟವಂತರು, ಎಕ್ಸ್‌ಕ್ಲೂಡ್-ಟೇಬಲ್-ಡೇಟಾ ಅಂತ ಒಂದೇ ಆಯ್ಕೆಯಲ್ಲಿ ಮುಗಿಯುತ್ತದೆ.

ನಾನು ಡೇಟಾ ಬಿಡೋದು ವೂಕಾಮರ್ಸ್ ಸೆಷನ್ಸ್ (ಗ್ರಾಹಕರ ತಾತ್ಕಾಲಿಕ ಕಾರ್ಟ್ ಮಾಹಿತಿ), ಆಕ್ಷನ್ ಶೆಡ್ಯೂಲರ್ (ಹಿನ್ನೆಲೆ ಕೆಲಸಗಳನ್ನು ಸಮಯಕ್ಕೆ ಸರಿಯಾಗಿ ಓಡಿಸುವ ಭಾಗ) ಲಾಗ್ಸ್, ಸೆಕ್ಯುರಿಟಿ ಪ್ಲಗಿನ್‌ನ ಲಾಗ್, ಇಷ್ಟೇ. ಶೆಡ್ಯೂಲರ್‌ನ ಆಕ್ಷನ್ಸ್ ಟೇಬಲ್ ಎಷ್ಟೇ ಊದಿಕೊಂಡರೂ ಮುಟ್ಟುವುದಿಲ್ಲ. ಇನ್ನೂ ನಡೆಯಬೇಕಾದ ಕೆಲಸಗಳು ಅದರಲ್ಲೇ ಇರುತ್ತವೆ.

ಡೇಟಾಬೇಸ್ ಚಿಕ್ಕದಿದ್ದರೆ ಈ ತಲೆನೋವೇ ಬೇಡ, ಸುಮ್ನೆ ಪೂರ್ತಿ ತೆಗೆಯಿರಿ. ನಾನು ಪುಕ್ಕಟೆ ಸಿಗುವ 15 ಜಿಬಿ ಗೂಗಲ್ ಡ್ರೈವ್‌ನಲ್ಲೇ ಬ್ಯಾಕಪ್ ಇಡುವವನು, ದಿನಾ ಲಾಗ್ ತುಂಬಿಸೋಕೆ ಜಾಗ ಇಲ್ಲ. ಬೇಕಾದ ಪಟ್ಟಿಯೇ ಇರಲಿ ಅನ್ನುವವರು ಪ್ಲಗಿನ್ ಅಪ್‌ಡೇಟ್ ಆದಾಗೆಲ್ಲ ಶೋ ಟೇಬಲ್ಸ್ (ಇರುವ ಟೇಬಲ್‌ಗಳನ್ನೆಲ್ಲ ತೋರಿಸುವ ಕಮಾಂಡ್) ಓಡಿಸಿ ತಾಳೆ ನೋಡಬೇಕು. ನನಗಂತೂ ಅಷ್ಟು ತಾಳ್ಮೆ ಇಲ್ಲ.