ಸ್ವಂತ ಸರ್ವರ್‌ನಲ್ಲಿ ಮಾಸ್ಟೊಡಾನ್: ಯಾರಿಗೆ ಸರಿ, ಯಾರಿಗೆ ಭಾರ

ಮಾಸ್ಟೊಡಾನ್ ಎಂಬ ಸಾಮಾಜಿಕ ಜಾಲವನ್ನು ಬಳಸುವ ಹೆಚ್ಚಿನವರು ಬೇರೆ ಯಾರೋ ನಡೆಸುವ ಸರ್ವರ್‌ನಲ್ಲಿ ಖಾತೆ ತೆರೆದು ಅಲ್ಲೇ ಇದ್ದುಬಿಡುತ್ತಾರೆ. ಅದೇ ತಂತ್ರಾಂಶವನ್ನು ನಮ್ಮದೇ ಡೊಮೇನ್ ಹೆಸರಿನಲ್ಲಿ, ಬಾಡಿಗೆಗೆ ಪಡೆದ ಸಣ್ಣ ಸರ್ವರ್‌ನಲ್ಲಿ ಸ್ಥಾಪಿಸಿ ನಡೆಸಿದರೆ ಅದರ ಗುಣದೋಷಗಳು ಬೇರೆಯಾಗಿಯೇ ಕಾಣುತ್ತವೆ. ಈ ವಿಮರ್ಶೆ ಅವುಗಳನ್ನು ಕುರಿತದ್ದು. 2016ರಲ್ಲಿ ಜರ್ಮನಿಯ ಯುಜೆನ್ ರೊಚ್ಕೊ ಆರಂಭಿಸಿದ ಈ ಮುಕ್ತ ತಂತ್ರಾಂಶ, 2018ರ ಜನವರಿಯಲ್ಲಿ ವರ್ಲ್ಡ್ ವೈಡ್ ವೆಬ್ ಕನ್ಸೋರ್ಟಿಯಂನ ಅಧಿಕೃತ ಶಿಫಾರಸಾದ ಆಕ್ಟಿವಿಟಿಪಬ್ ಎಂಬ ಸಂವಹನ ನಿಯಮಗಳ ಮೂಲಕ ಇತರ ಸರ್ವರ್‌ಗಳೊಂದಿಗೆ ಮಾತನಾಡುತ್ತದೆ. ಹೀಗಾಗಿ ನಮ್ಮ ಪುಟ್ಟ ಸರ್ವರ್‌ನಲ್ಲಿ ಕುಳಿತೇ, ಅದೇ ನಿಯಮಗಳನ್ನು ಪಾಲಿಸುವ ಪಿಯರ್‌ಟ್ಯೂಬ್‌ನ ವಿಡಿಯೊ ವಾಹಿನಿಯನ್ನೂ ಪಿಕ್ಸೆಲ್‌ಫೆಡ್‌ನ ಛಾಯಾಗ್ರಾಹಕರನ್ನೂ ಅನುಸರಿಸಬಹುದು. ಯಾವ ಕಂಪನಿಯ ಅನುಮತಿಯೂ ಇಲ್ಲದೆ ಇದು ಸಾಧ್ಯವಾಗುವುದೇ ಇದರ ದೊಡ್ಡ ಹೆಚ್ಚುಗಾರಿಕೆ ಎಂದು ನಾನು ಮನಸಾರೆ ನಂಬುತ್ತೇನೆ.

ಸ್ಥಾಪನೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಲಿನಕ್ಸ್ ಕಮಾಂಡ್ ಲೈನ್ ರೂಢಿಯಿರುವವರು ಅಧಿಕೃತ ಕೈಪಿಡಿಯನ್ನು ಹಂತಹಂತವಾಗಿ ಅನುಸರಿಸಿದರೆ ಬಿಡುವಿನ ದಿನವೊಂದರಲ್ಲಿ ಕೆಲಸ ಮುಗಿಯುತ್ತದೆ. ಸೆಟಪ್ ಮೊದಲು ಕೇಳುವುದೇ ಡೊಮೇನ್ ಹೆಸರನ್ನು, ಮತ್ತು ಅದನ್ನು ಮುಂದೆ ಬದಲಾಯಿಸಿದರೆ ವ್ಯವಸ್ಥೆ ಮುರಿಯುತ್ತದೆ ಎಂಬ ಎಚ್ಚರಿಕೆಯನ್ನೂ ಅಲ್ಲೇ ಕೊಡುತ್ತದೆ. ಹೊರಗಿನ ಸರ್ವರ್‌ಗಳೆಲ್ಲ ನಮ್ಮ ಖಾತೆಗಳನ್ನು ನೆನಪಿಟ್ಟುಕೊಳ್ಳುವುದು ಆ ಹೆಸರಿನಿಂದಲೇ ಆದ್ದರಿಂದ ಇದೊಂದನ್ನು ನಿಧಾನವಾಗಿ ಯೋಚಿಸಿ ತೀರ್ಮಾನಿಸಬೇಕು. ಇಮೇಲ್ ಕಳುಹಿಸುವ 25ನೇ ಪೋರ್ಟನ್ನು ಅನೇಕ ಹೋಸ್ಟಿಂಗ್ ಸಂಸ್ಥೆಗಳು ಮುಚ್ಚಿರುವುದರಿಂದ ಪ್ರತ್ಯೇಕ ಇಮೇಲ್ ಸೇವೆಯೊಂದನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.

ಹೊಸಬರನ್ನು ನಿಜವಾಗಿ ಕಂಗೆಡಿಸುವುದು ಸ್ಥಾಪನೆಯ ನಂತರದ ಖಾಲಿತನ. ಹೊಸ ಸರ್ವರ್‌ಗೆ ಹೊರಜಗತ್ತಿನ ಪರಿಚಯವೇ ಇರುವುದಿಲ್ಲ. ಹತ್ತು ವರ್ಷಗಳಿಂದ ಬರೆಯುತ್ತಿರುವ ಒಬ್ಬರನ್ನು ಹುಡುಕಿ ಅನುಸರಿಸಿದರೂ ಅವರ ಪುಟ ಬಹುತೇಕ ಬರಿದಾಗಿಯೇ ಕಾಣುತ್ತದೆ, ಏಕೆಂದರೆ ನಾವು ಅನುಸರಿಸಿದ ಮೇಲೆ ಅವರು ಬರೆದದ್ದು ಮಾತ್ರ ತಾನಾಗಿ ನಮ್ಮಲ್ಲಿಗೆ ಬರುತ್ತದೆ. ಚರ್ಚೆಗಳಲ್ಲಿಯೂ ಹಾಗೆಯೇ: ಮೂಲ ಸರ್ವರ್‌ನಲ್ಲಿ ಉದ್ದುದ್ದ ಉತ್ತರಗಳ ಸರಣಿಯೇ ಇದ್ದರೂ ನಮಗೆ ಒಂದೆರಡು ಮಾತ್ರ ಕಾಣಬಹುದು. ಇತ್ತೀಚಿನ ಆವೃತ್ತಿಗಳು ಬಿಟ್ಟುಹೋದ ಉತ್ತರಗಳನ್ನು ತಾವೇ ತರಿಸಿಕೊಳ್ಳಲು ಕಲಿತಿರುವುದು ಸಣ್ಣ ಸರ್ವರ್‌ಗಳಿಗೆ ಸಿಕ್ಕ ದೊಡ್ಡ ಉಪಕಾರ. ಹಲವು ಸರ್ವರ್‌ಗಳ ಸಾರ್ವಜನಿಕ ಬರಹಗಳನ್ನು ಒಟ್ಟಾಗಿ ಹರಿಸುವ ರಿಲೇ ಸೇವೆಗಳಿಗೆ ಸೇರಿಕೊಂಡರೆ ಟೈಮ್‌ಲೈನ್ ಕೂಡಲೇ ತುಂಬುತ್ತದೆ ನಿಜ, ಆದರೆ ಬೇಕಾದದ್ದಕ್ಕಿಂತ ಬೇಡವಾದದ್ದೇ ಹೆಚ್ಚು ಬರುತ್ತದೆ. ಆಸಕ್ತಿಯ ಹ್ಯಾಶ್‌ಟ್ಯಾಗ್‌ಗಳನ್ನು ಹುಡುಕಿ, ಬರಹ ಹಿಡಿಸಿದವರನ್ನು ಒಬ್ಬೊಬ್ಬರಾಗಿ ಅನುಸರಿಸುತ್ತ ಬಳಗವನ್ನು ಬೆಳೆಸಿಕೊಳ್ಳುವುದೇ ಮೇಲು.

ಅನುಸರಿಸುವವರ ಪಟ್ಟಿ ಬೆಳೆದಂತೆ ಡಿಸ್ಕ್ ಕರಗತೊಡಗುತ್ತದೆ. ಅವರು ಹಾಕುವ ಪ್ರತಿಯೊಂದು ಚಿತ್ರ ಮತ್ತು ವಿಡಿಯೊದ ಪ್ರತಿ ನಮ್ಮ ಸರ್ವರ್‌ನಲ್ಲಿಯೂ ಉಳಿಯುತ್ತದೆ. ನಿರ್ವಾಹಕರ ಸೆಟ್ಟಿಂಗ್‌ಗಳಲ್ಲಿ ಹೊರಗಿನ ಮಾಧ್ಯಮ ಕಡತಗಳ ಉಳಿಕೆಯ ಅವಧಿಯನ್ನು ಮೊದಲ ದಿನವೇ ಏಳು ದಿನಗಳಿಗೆ ನಿಗದಿಪಡಿಸಬೇಕೆಂಬುದು ನನ್ನ ಖಚಿತ ಸಲಹೆ. ಅಳಿಸಿದ ಚಿತ್ರವನ್ನು ಯಾರಾದರೂ ಮತ್ತೆ ತೆರೆದರೆ ಮೂಲದಿಂದ ಪುನಃ ತರಿಸಿಕೊಳ್ಳಬಹುದಾದ್ದರಿಂದ ನಷ್ಟವೇನೂ ಇಲ್ಲ. ಪ್ರೊಫೈಲ್ ಚಿತ್ರಗಳನ್ನು ತೆರವುಗೊಳಿಸಲು ಬೇರೆಯೇ ಆದೇಶ ಕೊಡಬೇಕಾಗಿರುವುದು ಮಾತ್ರ ವಿನ್ಯಾಸದ ಕೊರತೆಯೇ ಸರಿ.

ಸರ್ವರ್‌ನ ಒಳಗುಟ್ಟು ತಿಳಿಯಬೇಕಾದರೆ ಸೈಡ್‌ಕಿಕ್ ಎಂಬ ಹಿನ್ನೆಲೆ ಕೆಲಸಗಾರನ ಪುಟವನ್ನು ತೆರೆದು ನೋಡಬೇಕು. ನಾವು ಒಂದು ಸಾಲು ಬರೆದು ಪ್ರಕಟಿಸಿದೊಡನೆ ಅನುಯಾಯಿಗಳಿರುವ ಸರ್ವರ್‌ಗಳಿಗೆಲ್ಲ ಅದನ್ನು ಮುಟ್ಟಿಸುವ ಕೆಲಸಗಳು ಅಲ್ಲಿ ಸಾಲುಗಟ್ಟುತ್ತವೆ. ಯಾವುದಾದರೂ ಸರ್ವರ್ ಓಗೊಡದಿದ್ದರೆ ಆ ಕೆಲಸ ಮರುಪ್ರಯತ್ನದ ಪಟ್ಟಿಗೆ ಹೋಗಿ, ಪ್ರತಿ ಸಲವೂ ಇನ್ನಷ್ಟು ಹೊತ್ತು ಕಾದು ಮತ್ತೆ ಯತ್ನಿಸುತ್ತದೆ. ಏಳು ದಿನ ಸೋತರೆ ಆ ಸರ್ವರ್ ಅಲಭ್ಯವೆಂದು ಗುರುತಿಸಿ ಕಳುಹಿಸುವುದನ್ನೇ ನಿಲ್ಲಿಸುತ್ತದೆ. ಇದೇ ನಿಯಮ ನಮಗೂ ಅನ್ವಯವಾಗುವುದರಿಂದ ಸರ್ವರ್ ಕೆಟ್ಟಾಗ ಸರಿಪಡಿಸುವ ಕೆಲಸವನ್ನು ವಾರಗಟ್ಟಲೆ ಮುಂದೂಡುವಂತಿಲ್ಲ.

ಭದ್ರತೆಯ ವಿಷಯದಲ್ಲಿಯಂತೂ ಒಂದು ದಿನವೂ ತಡಮಾಡುವಂತಿಲ್ಲ. 2023ರ ಜುಲೈನಲ್ಲಿ, ವಿಶೇಷವಾಗಿ ರೂಪಿಸಿದ ಮಾಧ್ಯಮ ಕಡತದ ಮೂಲಕ ಸರ್ವರ್‌ನೊಳಗೆ ಬೇಕಾದಲ್ಲಿ ಕಡತ ಸೃಷ್ಟಿಸಬಹುದಾಗಿದ್ದ ದೋಷಕ್ಕೂ, 2024ರ ಫೆಬ್ರವರಿಯಲ್ಲಿ ಹೊರಗಿನ ಖಾತೆಗಳ ಸೋಗು ಹಾಕಬಹುದಾಗಿದ್ದ ದೋಷಕ್ಕೂ ಮಾಸ್ಟೊಡಾನ್ ತಂಡ ತುರ್ತು ಪರಿಹಾರ ಹೊರತಂದಿತು. ತಂಡದ ಕೆಲಸ ಮೆಚ್ಚತಕ್ಕದ್ದೇ, ಆದರೆ ಆ ಪರಿಹಾರವನ್ನು ನಮ್ಮ ಸರ್ವರ್‌ಗೆ ಅಳವಡಿಸಬೇಕಾದವರು ನಾವೇ. ಇನ್ನು ಖಾಸಗಿ ಸಂದೇಶಗಳು ತುದಿಯಿಂದ ತುದಿಗೆ ಗೂಢಲಿಪೀಕರಣಗೊಂಡಿರುವುದಿಲ್ಲ. ಡೇಟಾಬೇಸ್ ಕೈಯಲ್ಲಿರುವ ನಿರ್ವಾಹಕರು ಬಯಸಿದರೆ ಓದಬಹುದು ಎಂಬುದನ್ನು ಸದಸ್ಯರಿಗೆ ಸ್ಪಷ್ಟವಾಗಿ ತಿಳಿಸಲೇಬೇಕು.

ಇಷ್ಟೆಲ್ಲ ಒಬ್ಬರಿಗಾಗಿ ಬೇಕೆ ಎಂದು ಕೇಳಿದರೆ, ಬೇಡ ಎನ್ನುತ್ತೇನೆ. ಮಾಹಿತಿ ಸಂಗ್ರಹಿಸಿಡುವ ಪೋಸ್ಟ್‌ಗ್ರೆಸ್ ಮತ್ತು ರೆಡಿಸ್, ಜೊತೆಗೆ ಸೈಡ್‌ಕಿಕ್ ಎಲ್ಲವೂ ಸೇರಿ ಒಂದೇ ಖಾತೆಗೂ ಎರಡು ಜಿಬಿಯಷ್ಟು ಮೆಮೊರಿ ಬೇಡುವ ಮಾಸ್ಟೊಡಾನ್‌ಗಿಂತ, ಗೋ ಭಾಷೆಯಲ್ಲಿ ಬರೆದ, ಎಸ್‌ಕ್ಯುಲೈಟ್ ಎಂಬ ಪುಟ್ಟ ಡೇಟಾಬೇಸ್ ಒಂದರಿಂದಲೇ ನಡೆಯಬಲ್ಲ ಗೋಟುಸೋಶಿಯಲ್ ಎಂಬ ಇದೇ ಬಗೆಯ ತಂತ್ರಾಂಶ ಏಕಾಂಗಿಗಳಿಗೆ ಎಷ್ಟೋ ಹಗುರ. ಅದಕ್ಕೆ ತನ್ನದೇ ಪೂರ್ಣ ವೆಬ್ ಮುಖವಿಲ್ಲದಿದ್ದರೂ ಮಾಸ್ಟೊಡಾನ್‌ನ ಅನೇಕ ಆ್ಯಪ್‌ಗಳು ಅದರೊಂದಿಗೆ ಹೊಂದಿಕೊಳ್ಳುತ್ತವೆ. ಗೆಳೆಯರ ಗುಂಪು, ಓದುಗರ ಬಳಗ ಅಥವಾ ಸಂಘಟನೆಯೊಂದಕ್ಕಾದರೆ ಮಾಸ್ಟೊಡಾನ್‌ಗೇ ನನ್ನ ಮತ. ದೂರುಗಳನ್ನು ಪರಿಶೀಲಿಸಲು, ಕಿರುಕುಳದ ಸರ್ವರ್‌ಗಳನ್ನು ಮಿತಿಗೊಳಿಸಲು ಅಥವಾ ಪೂರ್ತಿ ತಡೆಯಲು ಅದರಲ್ಲಿರುವ ಸಾಧನಗಳು ಚೆನ್ನಾಗಿ ಪಳಗಿವೆ. ಅಂಥವರು ಮಾಸ್ಟೊಡಾನ್ ಯೋಜನೆಯ ಸರ್ವರ್ ಒಡಂಬಡಿಕೆಯನ್ನು ಓದಿಯೇ ಬಾಗಿಲು ತೆರೆಯಲಿ. ದಿನವೂ ಬ್ಯಾಕಪ್ ಇರಬೇಕು, ತುರ್ತಿಗೆ ಇನ್ನೊಬ್ಬರ ಕೈಯಲ್ಲಿಯೂ ಪ್ರವೇಶವಿರಬೇಕು, ಮುಚ್ಚುವುದಾದರೆ ಸದಸ್ಯರಿಗೆ ಕನಿಷ್ಠ ಮೂರು ತಿಂಗಳು ಮೊದಲೇ ತಿಳಿಸಬೇಕು ಎನ್ನುತ್ತದೆ ಅದು. ಖಾತೆ ಬೇರೆಡೆಗೆ ಸಾಗಿಸಿದಾಗ ಅನುಯಾಯಿಗಳು ಜೊತೆಗೆ ಬಂದರೂ ಹಳೆಯ ಬರಹಗಳು ಬರುವುದಿಲ್ಲವಾದ್ದರಿಂದ, ಆ ಮೂರು ತಿಂಗಳಲ್ಲಿ ಸದಸ್ಯರು ತಮ್ಮ ಬರಹಗಳ ಪ್ರತಿಯನ್ನು ಇಳಿಸಿಕೊಳ್ಳಲು ಸಾಧ್ಯವಾಗುತ್ತದೆ.